ಮೊದಲು ನೀರು, ಆಮೇಲೆ ಎಣ್ಣೆ

(ಮಂಡ್ಯದ ಒಂದು ಮನೆ. ಅತ್ತಿಗೆ ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ನಾದಿನಿ ಮೈಸೂರಿನ ಆಸ್ಪತ್ರೆಯೊಂದರ ಚರ್ಮರೋಗ ವಿಭಾಗದಲ್ಲಿ ನರ್ಸ್. ಸಂಕ್ರಾಂತಿಗೆ ತವರಿಗೆ ಬಂದಿದ್ದಾಳೆ.)

ಅತ್ತಿಗೆ: ಸರಿಯಾದ ಹೊತ್ತಿಗೆ ಬಂದೆ ನೋಡು. ಮಗಳು ಬೆಂಗಳೂರಿಂದ ಎರಡು ಪ್ಯಾಕೆಟ್ ಕಳಿಸಿದ್ದಾಳೆ, ಒಂದು ನನಗೆ, ಒಂದು ಅವಳ ಅಜ್ಜಿಗೆ. ಒಳಗೆ ಪ್ಲಾಸ್ಟಿಕ್ ಕಾಲುಚೀಲ, ಅದರ ತುಂಬ ಲೋಳೆಲೋಳೆ ಔಷಧ. ಹಾಕ್ಕೊಂಡು ಒಂದು ಗಂಟೆ ಕೂತರೆ, ವಾರ ಕಳೆಯೋದರಲ್ಲಿ ಅಂಗಾಲಿನ ಒಣಚರ್ಮ ಎಲ್ಲ ಸಿಪ್ಪೆ ಎದ್ದು ಬಿಟ್ಟು ಹೋಗುತ್ತಂತೆ. ಇವತ್ತೇ ಹಾಕ್ಕೋಬೇಕು ಅಂತಿದ್ದೀನಿ.

ನಾದಿನಿ: ಹಾಕ್ಕೊಳ್ಳೋರಂತೆ ಅತ್ತಿಗೆ, ಮೊದಲು ಕಾಲು ತೋರಿಸಿ. ಅಮ್ಮನ ಪ್ಯಾಕೆಟ್ ಮಾತ್ರ ಒಡೀಬೇಡಿ. ಅದರ ವಿಷಯ ಆಮೇಲೆ ಮಾತಾಡೋಣ.

ಅತ್ತಿಗೆ: ತೋರಿಸೋಕೇ ಸಂಕೋಚ ಕಣೆ. ಧನುರ್ಮಾಸದಲ್ಲಿ ಬೆಳಗಿನ ಜಾವ ದೇವಸ್ಥಾನಕ್ಕೆ ಹೋದಾಗ, ಹಿಂದೆ ಪ್ರದಕ್ಷಿಣೆ ಬರೋರು ನನ್ನ ಹಿಮ್ಮಡಿ ನೋಡ್ತಾರೇನೋ ಅಂತ ಸೀರೆ ಇಳಿಬಿಟ್ಕೊಂಡೇ ನಡೀತಿದ್ದೆ. ದಿನಾ ಸೋಪು ಹಚ್ಚಿ ತೊಳೀತೀನಿ, ಕಲ್ಲಲ್ಲಿ ಉಜ್ಜುತೀನಿ. ಆದರೂ ನೋಡು, ಎಷ್ಟು ಒಡೆದಿದೆ.

ನಾದಿನಿ: ಹಿಮ್ಮಡಿ ಒಡೆಯೋದಕ್ಕೂ ಕೊಳೆಗೂ ಸಂಬಂಧ ಇಲ್ಲ. ಆ ಸಂಕೋಚ ಮೊದಲು ಬಿಡಿ. ಮುಖ, ತಲೆ, ಬೆನ್ನು, ಎಲ್ಲ ಕಡೆ ಚರ್ಮದೊಳಗೆ ಎಣ್ಣೆ ಸುರಿಸೋ ಗ್ರಂಥಿಗಳಿವೆ. ಅಂಗಾಲಿನಲ್ಲಿ ಒಂದೂ ಇಲ್ಲ. ಅಲ್ಲಿರೋದು ಬೆವರಿನ ಗ್ರಂಥಿಗಳು ಮಾತ್ರ. ಅಂದಮೇಲೆ ಅಂಗಾಲಿಗೆ ತನ್ನ ತೇವವನ್ನ ತಾನೇ ಮುಚ್ಚಿಟ್ಟುಕೊಳ್ಳೋ ಎಣ್ಣೆ ಹುಟ್ಟಿನಿಂದಲೇ ಇಲ್ಲ. ಅದರ ಮೇಲೆ ನೀವು ದಿನಾ ಸೋಪು ಹಚ್ಚಿ ಇರೋ ಅಲ್ಪಸ್ವಲ್ಪ ಜಿಡ್ಡನ್ನೂ ತೆಗೀತೀರಿ. ಚರ್ಮದ ಪಿಎಚ್ 5ರ ಆಸುಪಾಸು, ಅಂದರೆ ಸ್ವಲ್ಪ ಹುಳಿ ಕಡೆಗೆ. ಸಾಮಾನ್ಯ ಸೋಪಿನ ಬಿಲ್ಲೆಯದು 9ರಿಂದ 10. ಚಳಿಗಾಲದ ಒಣಗಾಳಿ ಬೇರೆ. ಒಡೆಯದೆ ಇನ್ನೇನಾಗುತ್ತೆ?

ಅತ್ತಿಗೆ: ಹಾಗಾದರೆ ಅಂಗಾಲು ಪೂರ್ತಿ ಒಡೀಬೇಕಿತ್ತಲ್ಲ? ಹಿಮ್ಮಡಿ ಅಂಚಲ್ಲೇ ಯಾಕೆ?

ನಾದಿನಿ: ಭಾರ ಬೀಳೋದು ಅಲ್ಲಿ. ಹಿಮ್ಮಡಿಯೊಳಗೆ ಕೊಬ್ಬಿನ ಮೆತ್ತೆ ಇದೆ. ನಿಂತಾಗ ಅದು ಪಕ್ಕಕ್ಕೆ ಹರಡುತ್ತೆ, ಅಂಚಿನ ಚರ್ಮ ಅದರ ಜೊತೆ ಹಿಗ್ಗಬೇಕು. ಚರ್ಮ ದಪ್ಪಗಟ್ಟಿ ಒಣಗಿದ್ದರೆ ಹಿಗ್ಗೋಕಾಗಲ್ಲ, ಸೀಳು ಬಿಡುತ್ತೆ. ನೀವು ಬೆಳಗಿಂದ ಸಂಜೆವರೆಗೆ ಗಟ್ಟಿ ನೆಲದ ಮೇಲೆ ನಿಂತು ಪಾಠ ಮಾಡ್ತೀರಿ. ಕಾಲಲ್ಲಿ ಹಿಂಬದಿ ಪಟ್ಟಿ ಇಲ್ಲದ ತೆಳು ಚಪ್ಪಲಿ. ಹಿಮ್ಮಡಿಯನ್ನ ಹಿಂದಿನಿಂದ ಹಿಡಿದಿಡೋದಕ್ಕೆ ಏನೂ ಇಲ್ಲ.

ಅತ್ತಿಗೆ: ಸರಿ, ಕಾಲು ಚಾಚಿದ್ದೀನಿ. ಏನು ನೋಡ್ತೀಯೋ ನೋಡು.

ನಾದಿನಿ: ಹಿಮ್ಮಡಿ ಸುತ್ತ ಹಳದಿ ಬಣ್ಣಕ್ಕೆ ತಿರುಗಿದ ದಪ್ಪ ಅಂಚಿದೆ. ಸೀಳುಗಳು ಸಣ್ಣವು, ಮೇಲ್ಮೇಲಿನವು. ರಕ್ತ ಇಲ್ಲ, ಒಳಗೆ ಕೆಂಪು ಮಾಂಸ ಕಾಣ್ತಿಲ್ಲ. ಬೆರಳ ಸಂದಿಯಲ್ಲಿ ಬಿಳಿಯಾಗಿ ನೆಂದ ಚರ್ಮ ಇಲ್ಲ. ಉಗುರು ದಪ್ಪಗಾಗಿಲ್ಲ. ತುರಿಕೆ ಇದೆಯಾ?

ಅತ್ತಿಗೆ: ಇಲ್ಲ. ತುರಿಕೆಗೂ ಒಣಕಾಲಿಗೂ ಏನು?

ನಾದಿನಿ: ಅಂಗಾಲು ಪೂರ್ತಿ ಒಣಗಿ, ಹೊಟ್ಟೆದ್ದು, ಪಾದದ ಅಂಚಿನವರೆಗೂ ಹಬ್ಬಿದ್ದರೆ ಅದು ಫಂಗಸ್ ಇರಬಹುದು. ಅದನ್ನ ಒಣಚರ್ಮ ಅಂತಲೇ ತಿಳಿದು ವರ್ಷಗಟ್ಟಲೆ ಎಣ್ಣೆ ಹಚ್ಚಿದ ಎಷ್ಟೋ ಜನ ನಮ್ಮಲ್ಲಿಗೆ ಬರ್ತಾರೆ. ಬ್ಲೇಡಿನ ಅಂಚಿನಿಂದ ಸ್ವಲ್ಪ ಹೊಟ್ಟು ಕೆರೆದು, ಗಾಜಿನ ಪಟ್ಟಿ ಮೇಲೆ ಹಾಕಿ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡ್ತೀವಿ. ಫಂಗಸ್ಸಿನ ಎಳೆಗಳು ಕಂಡರೆ ಅದಕ್ಕೆ ಬೇರೆ ಔಷಧ. ಸೋರಿಯಾಸಿಸ್‌ನಲ್ಲೂ ಹಿಮ್ಮಡಿ ಹೀಗೇ ದಪ್ಪಗಾಗಿ ಒಡೆಯುತ್ತೆ. ಥೈರಾಯ್ಡ್ ಕಡಿಮೆ ಇದ್ದರೂ ಮೈಯೆಲ್ಲ ಒಣಗುತ್ತೆ. ಇವೆಲ್ಲ ಇರೋರು ಸಿಪ್ಪೆ ತೆಗೆಯೋ ಪ್ಯಾಕೆಟ್ಟಿಗೆ ಕೈ ಹಾಕೋಕೆ ಮುಂಚೆ ಡಾಕ್ಟರ ಹತ್ತಿರ ಹೋಗಬೇಕು. ನಿಮ್ಮದು ಬರೀ ಒಣಕಾಲು. ಇನ್ನೊಂದು ಪರೀಕ್ಷೆ ಉಳೀತು. ಕಣ್ಣು ಮುಚ್ಚಿ.

ಅತ್ತಿಗೆ: ಯಾಕೆ?

ನಾದಿನಿ: ನಾನು ಬೆರಳ ತುದಿಯಿಂದ ನಿಮ್ಮ ಕಾಲ್ಬೆರಳನ್ನ ಮೆಲ್ಲಗೆ ಮುಟ್ಟಿ ಒಂದೆರಡು ಸೆಕೆಂಡ್ ಹಾಗೇ ಇಡ್ತೀನಿ. ಒತ್ತಲ್ಲ. ಗೊತ್ತಾದಾಗ ಎಡ, ಬಲ ಅಂತ ಹೇಳಿ. ಎರಡೂ ಕಾಲಿನ ಹೆಬ್ಬೆರಳು, ಕಿರುಬೆರಳು, ನಡುಬೆರಳು, ಒಟ್ಟು ಆರು. ಇಂಗ್ಲೆಂಡಿನ ಇಪ್ಸ್‌ವಿಚ್ ಊರಿನ ಡಾಕ್ಟರುಗಳು ರೂಪಿಸಿದ ಪರೀಕ್ಷೆ ಇದು. ಯಾವ ಉಪಕರಣವೂ ಬೇಡ. ಆರರಲ್ಲಿ ಎರಡು ಅಥವಾ ಹೆಚ್ಚು ಗೊತ್ತಾಗದಿದ್ದರೆ ಕಾಲಿನ ಸಂವೇದನೆ ಕುಂದಿದೆ ಅಂತ ಲೆಕ್ಕ.

ಅತ್ತಿಗೆ: ಬಲ... ಬಲ... ಎಡ... ಎಡ... ಬಲ... ಎಡ. ಎಲ್ಲ ಗೊತ್ತಾಯ್ತು.

ನಾದಿನಿ: ಹಾಗಾದರೆ ಹಾಕ್ಕೊಳ್ಳಬಹುದು. ಉರಿದರೆ ಉರಿ ಅಂತ ಹೇಳಬಲ್ಲ ಕಾಲು ಮಾತ್ರ ಇದಕ್ಕೆ ಅರ್ಹ. ನಿಮಗೆ ಆಸ್ಪಿರಿನ್ ಅಲರ್ಜಿ ಇಲ್ಲ ತಾನೇ? ಈ ಲೋಳೆಯಲ್ಲಿ ಸ್ಯಾಲಿಸಿಲಿಕ್ ಆಮ್ಲವೂ ಇದೆ, ಅದು ಆಸ್ಪಿರಿನ್ ಜಾತಿಯದೇ. ಗರ್ಭಿಣಿಯರೂ ಡಾಕ್ಟರನ್ನ ಕೇಳದೆ ಹಾಕ್ಕೋಬಾರದು.

(ಉಗುರುಬೆಚ್ಚಗಿನ ನೀರಲ್ಲಿ ಕಾಲು ತೊಳೆದು, ಒರೆಸಿ, ಕಾಲುಚೀಲ ತೊಟ್ಟು ಅತ್ತಿಗೆ ದಿವಾನದ ಮೇಲೆ ಕೂತಿದ್ದಾರೆ. ಪ್ಲಾಸ್ಟಿಕ್ ಮೇಲೆ ಹಳೇ ಬಟ್ಟೆಯ ಸಾಕ್ಸ್.)

ಅತ್ತಿಗೆ: ತಣ್ಣಗಿದೆ. ಉರಿ ಏನೂ ಇಲ್ಲ. ಸ್ವಲ್ಪ ಚುರುಚುರು ಅನ್ನುತ್ತೆ.

ನಾದಿನಿ: ಅಷ್ಟು ಸರಿ. ಉರಿ ಹತ್ತಿದರೆ ಗಂಟೆ ಆಗಲಿ ಅಂತ ಕಾಯಬೇಡಿ, ತೆಗೆದು ತೊಳೆದುಬಿಡಿ. ಎದ್ದು ಓಡಾಡಲೂ ಬೇಡಿ, ಜಾರುತ್ತೆ.

ಅತ್ತಿಗೆ: ಇದರೊಳಗೆ ಇರೋದೇನು ಅಂತ ಹೇಳು, ಹೊತ್ತೂ ಹೋಗುತ್ತೆ.

ನಾದಿನಿ: ಮುಖ್ಯವಾಗಿ ಹಣ್ಣು, ಹಾಲು, ಕಬ್ಬಿನಲ್ಲಿ ಸಿಗೋ ಜಾತಿಯ ಆಮ್ಲಗಳು. ಗ್ಲೈಕಾಲಿಕ್ ಆಮ್ಲ ನಮ್ಮ ಮಂಡ್ಯದ ಕಬ್ಬಿನ ರಸದಲ್ಲೂ ಇದೆ. ಲ್ಯಾಕ್ಟಿಕ್ ಆಮ್ಲ ಮೊಸರಲ್ಲಿದೆ. 1780ರಲ್ಲಿ ಸ್ವೀಡನ್ನಿನ ಶೀಲೆ ಎಂಬ ವಿಜ್ಞಾನಿ ಹುಳಿಹಾಲಿನಿಂದಲೇ ಅದನ್ನ ಬೇರ್ಪಡಿಸಿದ. ಚರ್ಮಕ್ಕೆ ಇವು ಔಷಧ ಆಗಬಲ್ಲವು ಅನ್ನೋದನ್ನ 1974ರಲ್ಲಿ ಅಮೆರಿಕದ ವ್ಯಾನ್ ಸ್ಕಾಟ್ ಮತ್ತು ಯೂ ಅನ್ನೋ ಇಬ್ಬರು ಪ್ರಕಟಿಸಿದರು. ಅವರ ರೋಗಿಗಳಿಗೆ ಇದ್ದದ್ದು ಇಕ್ತಿಯೋಸಿಸ್, ಹುಟ್ಟಿನಿಂದಲೇ ಮೈಯೆಲ್ಲ ಒಣಗಿ ಹುರುಪೆ ಏಳೋ ಕಾಯಿಲೆ. ಈ ಕಾಲುಚೀಲದ ರೂಪ ಬಂದದ್ದು ಜಪಾನಿನಿಂದ. ಬೇಬಿ ಫುಟ್ ಅನ್ನೋದು 1997ರಲ್ಲಿ ಅಲ್ಲಿ ಮಾರಾಟಕ್ಕೆ ಬಂತು. ಆಮೇಲೆ ಕೊರಿಯಾದವರೂ ಬೇರೆಯವರೂ ಮಾಡಿದರು.

ಅತ್ತಿಗೆ: ಮೊಸರಲ್ಲೇ ಇದೆ ಅಂದಮೇಲೆ ಮೊಸರಲ್ಲೇ ಕಾಲಿಟ್ಟುಕೊಂಡು ಕೂರಬಹುದಿತ್ತಲ್ಲ?

ನಾದಿನಿ: ಮೊಸರಲ್ಲಿ ಅದು ನೂರಕ್ಕೆ ಒಂದು ಪಾಲಿನ ಆಸುಪಾಸು ಅಷ್ಟೆ. ಅಂಗಾಲಿನ ದಪ್ಪಕ್ಕೆ ಅದು ಸಾಲದು. ಬೇರೆ ಕಡೆ ಚರ್ಮದ ಸತ್ತ ಪದರ ಒಂದು ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲು. ಹಿಮ್ಮಡಿಯಲ್ಲಿ ಅದೇ ಪದರ ಒಂದು ಮಿಲಿಮೀಟರು ಮುಟ್ಟುತ್ತೆ, ಮೀರೋದೂ ಉಂಟು. ಹಾಗಂತ ಅಂಗಡಿಯಲ್ಲಿ ಸಿಗೋ ಗಾಢ ಆಮ್ಲದ ಬಾಟ್ಲಿ ತಂದು ಸುರ್ಕೊಂಡರೆ ಸುಟ್ಟಗಾಯ ಆಗುತ್ತೆ. ಮನೆಬಳಕೆಯ ಪದಾರ್ಥದಲ್ಲಿ ಗ್ಲೈಕಾಲಿಕ್ ಆಮ್ಲ ನೂರಕ್ಕೆ 10 ಮೀರಬಾರದು, ಪಿಎಚ್ 3.5ಕ್ಕಿಂತ ಕೆಳಗೆ ಇಳೀಬಾರದು ಅಂತ ಅಮೆರಿಕದ ತಜ್ಞರ ಸಮಿತಿಯೊಂದು ಮಿತಿ ಹಾಕಿದೆ. ಪೊಟ್ಟಣದ ಮೇಲೆ ಏನೇನಿದೆ ಅಂತ ಬರೆದೇ ಇಲ್ಲದ ಮಾಲು ಕೊಳ್ಳಲೇಬಾರದು.

ಅತ್ತಿಗೆ: ಆಮ್ಲ ಚರ್ಮವನ್ನ ಕರಗಿಸುತ್ತೇನು?

ನಾದಿನಿ: ಕರಗಿಸಲ್ಲ, ಸಡಿಲ ಮಾಡುತ್ತೆ. ಮೇಲಿನ ಪದರವನ್ನ ಚರ್ಮವಿಜ್ಞಾನದವರು ಇಟ್ಟಿಗೆ ಗೋಡೆಗೆ ಹೋಲಿಸ್ತಾರೆ. ಸತ್ತ ಜೀವಕೋಶಗಳು ಇಟ್ಟಿಗೆ, ಅವುಗಳ ನಡುವಿನ ಕೊಬ್ಬು ಗಾರೆ. ಇಟ್ಟಿಗೆ ಇಟ್ಟಿಗೆಗೆ ಬೆಸುಗೆ ಹಾಕಿರೋ ಸಣ್ಣ ಕೊಂಡಿಗಳೂ ಇವೆ. ಸಾಮಾನ್ಯವಾಗಿ ಆ ಕೊಂಡಿಗಳು ತಾವಾಗಿ ಕಳಚಿ, ಕಣ್ಣಿಗೆ ಕಾಣದ ಹಾಗೆ ದಿನಾ ಸ್ವಲ್ಪ ಸ್ವಲ್ಪ ಚರ್ಮ ಉದುರುತ್ತೆ. ಆ ಕೆಲಸಕ್ಕೆ ತೇವ ಬೇಕು. ಒಣಗಿದ ಕಾಲಲ್ಲಿ ಕೊಂಡಿ ಕಳಚೋದು ನಿಧಾನ ಆಗುತ್ತೆ, ಇಟ್ಟಿಗೆ ಮೇಲೆ ಇಟ್ಟಿಗೆ ಬೆಳೆಯುತ್ತೆ. ಆಮ್ಲ ಆ ಕೊಂಡಿಗಳನ್ನ ಒಮ್ಮೆಲೇ ಸಡಿಲಿಸುತ್ತೆ. ಸಡಿಲಾದದ್ದು ನಡೆದಾಗ, ತೊಳೆದಾಗ ಬಿಟ್ಟು ಬರುತ್ತೆ. ಅದಕ್ಕೇ ಇವತ್ತು ನಿಮಗೆ ಏನೂ ಕಾಣಲ್ಲ. ಮೂರರಿಂದ ಏಳು ದಿನಕ್ಕೆ ಶುರುವಾಗಿ, ಎರಡು ವಾರದ ಹೊತ್ತಿಗೆ ಮುಗಿಯುತ್ತೆ ಅಂತ ಪ್ಯಾಕೆಟ್ ಮೇಲೂ ಬರೆದಿರ್ತಾರೆ.

ಅತ್ತಿಗೆ: ನಮ್ಮಮ್ಮ ಗದ್ದೆ ಕಳೆ ಕೀಳೋಳು. ಬರಿಗಾಲಲ್ಲೇ ಕಣದಲ್ಲಿ ಓಡಾಡೋಳು, ಮುಳ್ಳು ತುಳಿದರೂ ನೆಡ್ತಿರಲಿಲ್ಲ. ಆ ಗಟ್ಟಿ ಅಂಗಾಲೇ ಅವಳನ್ನ ಕಾಪಾಡಿದ್ದು. ಅದನ್ನ ಸಿಪ್ಪೆ ತೆಗೀಬೇಕು ಅಂತ ಅವಳಿಗೆ ಯಾವತ್ತೂ ಅನ್ನಿಸಿರಲಿಲ್ಲ.

ನಾದಿನಿ: ಅನ್ನಿಸಬೇಕಾಗೂ ಇರಲಿಲ್ಲ. ಒತ್ತಡ, ಉಜ್ಜಾಟ ಬಿದ್ದ ಕಡೆ ಚರ್ಮ ದಪ್ಪಗಾಗೋದು ದೇಹ ತನಗೆ ತಾನೇ ಮಾಡಿಕೊಳ್ಳೋ ರಕ್ಷಣೆ. ದಪ್ಪವಾಗಿದ್ದೂ ಬಳುಕೋ ಚರ್ಮ ಎಷ್ಟಿದ್ದರೂ ಒಳ್ಳೇದೇ. ದಪ್ಪಗಾಗಿ ಒಣಗಿ ಸೀಳಿದಾಗ ಅದೇ ರಕ್ಷಣೆ ಬಾಗಿಲು ತೆಗೆದ ಹಾಗಾಯ್ತು. ಬಿರುಕಿನೊಳಗೆ ಬ್ಯಾಕ್ಟೀರಿಯಾ ಹೊಕ್ಕು ಕಾಲು ಕೆಂಪಗೆ ಬಾತು ಜ್ವರ ಬಂದು ಆಸ್ಪತ್ರೆ ಸೇರೋರು ಇದ್ದಾರೆ. ಆನೆಕಾಲು ರೋಗ ಇರೋರಿಗಂತೂ ಸಣ್ಣ ಬಿರುಕೂ ಮತ್ತೆ ಮತ್ತೆ ಜ್ವರ ತರುತ್ತೆ. ಹಾಗಾಗಿ ನಾನು ಯಾರಿಗೂ ಅಂಗಾಲನ್ನ ಮಗುವಿನ ಪಾದದಷ್ಟು ತೆಳುವು ಮಾಡಿಕೊಳ್ಳಿ ಅನ್ನಲ್ಲ. ಹೆಚ್ಚಾದದ್ದು ಹೋಗಲಿ, ಉಳಿದದ್ದು ಬಳುಕಲಿ, ಅಷ್ಟು ಸಾಕು.

ಅತ್ತಿಗೆ: ಮತ್ತೆ ಬಳುಕೋಕೆ ಅಂತ ನಾನೂ ರಾತ್ರಿ ಹರಳೆಣ್ಣೆ ಹಚ್ಚಿಕೊಳ್ತೀನಲ್ಲ. ಬೆಳಿಗ್ಗೆ ಮತ್ತೆ ಅದೇ ಒರಟು.

ನಾದಿನಿ: ಒಣಕಾಲಿಗೇ ಹಚ್ಚಿಕೊಳ್ತೀರಿ, ಅಲ್ವಾ? ಅಲ್ಲೇ ಇರೋದು ವಿಷಯ. ಇರ್ವಿನ್ ಬ್ಲ್ಯಾಂಕ್ ಅನ್ನೋ ವಿಜ್ಞಾನಿ 1952ರಲ್ಲಿ ಒಂದು ಸರಳ ಸಂಗತಿ ತೋರಿಸಿಕೊಟ್ಟರು. ಒಣಗಿ ಗಟ್ಟಿಯಾದ ಚರ್ಮದ ಚೂರನ್ನ ಎಣ್ಣೆಯಲ್ಲಿ ಎಷ್ಟು ಹೊತ್ತು ನೆನೆಹಾಕಿದರೂ ಮೆತ್ತಗಾಗಲ್ಲ. ನೀರಲ್ಲಿ ಹಾಕಿದರೆ ಮೆತ್ತಗಾಗುತ್ತೆ. ಚರ್ಮವನ್ನ ಬಳುಕಿಸೋದು ನೀರು. ಎಣ್ಣೆಯ ಕೆಲಸ ಆ ನೀರು ಆರಿ ಹೋಗದ ಹಾಗೆ ಮುಚ್ಚಿಡೋದು. ಒಣಕಾಲಿಗೆ ಎಣ್ಣೆ ಹಚ್ಚಿದರೆ ಮುಚ್ಚಿಡೋಕೆ ಒಳಗೆ ನೀರೇ ಇರಲ್ಲ. ಬರೀ ನೀರಲ್ಲಿ ನೆನೆಸಿ ಹಾಗೇ ಬಿಟ್ಟರೆ ಮೊದಲಿಗಿಂತ ಹೆಚ್ಚು ಒಣಗುತ್ತೆ. ಎರಡೂ ಬೇಕು, ಮೊದಲು ನೀರು, ಅದು ಆರೋ ಮುಂಚೆ ಎಣ್ಣೆ.

ಅತ್ತಿಗೆ: ಇಷ್ಟು ವರ್ಷ ಹಚ್ಚಿದ ಎಣ್ಣೆಯೆಲ್ಲ ಹಾಸಿಗೆಗೆ ಹೋಯ್ತು ಅನ್ನು.

ನಾದಿನಿ: ಎಣ್ಣೆ ಸರಿಯಾದದ್ದೇ. ಅದಕ್ಕೆ ಮುಂಚೆ ನೀರು ಸೇರಿಸಿದರೆ ಆಯ್ತು. ಹಳಬರಿಗೆ ಈ ಕ್ರಮ ಗೊತ್ತಿತ್ತು ಅತ್ತಿಗೆ. ಸುಶ್ರುತ ಸಂಹಿತೆಯಲ್ಲಿ ಕಾಲೊಡೆಯೋದಕ್ಕೆ ಪಾದದಾರಿ ಅಂತ ಹೆಸರಿದೆ. ಸದಾ ಓಡಾಡೋರ ಒಣಗಿದ ಪಾದದಲ್ಲಿ ಅದು ಬರುತ್ತೆ ಅಂತ ಕಾರಣವನ್ನೂ ಹೇಳಿದೆ. ಅಲ್ಲಿ ಹೇಳಿರೋ ಚಿಕಿತ್ಸೆಯಲ್ಲಿ ಕಾಲಿಗೆ ಶಾಖ ಕೊಟ್ಟು ಬೆವರಿಸೋದಿದೆ, ಎಣ್ಣೆ ತಿಕ್ಕೋದಿದೆ, ಜೇನುಮೇಣ, ತುಪ್ಪ ಸೇರಿದ ಲೇಪ ಇದೆ. ಜೇನುಮೇಣ ಮುಚ್ಚೋ ಕೆಲಸವನ್ನ ಎಣ್ಣೆಗಿಂತ ಚೆನ್ನಾಗಿ ಮಾಡುತ್ತೆ. ಈಗ ಅದೇ ಜಾಗದಲ್ಲಿ ಪೆಟ್ರೋಲಿಯಂ ಜೆಲ್ಲಿ ಇದೆ.

ಅತ್ತಿಗೆ: ಇಷ್ಟು ಸುಲಭ ಇದ್ದಮೇಲೆ ಈ ಪ್ಯಾಕೆಟ್ ಯಾಕೆ ಬೇಕಿತ್ತು? ನಿನ್ನ ಮನಸ್ಸಲ್ಲಿ ಬೇಡ ಅಂತಲೇ ಇದೆ, ನನಗೆ ಗೊತ್ತು.

ನಾದಿನಿ: ಬೇಡ ಅಂತಲ್ಲ. ನಾನಾಗಿದ್ದರೆ ಮೆಡಿಕಲ್ ಶಾಪಿನಲ್ಲಿ ಸಿಗೋ ಯೂರಿಯಾ ಮುಲಾಮಿನಿಂದ ಶುರು ಮಾಡ್ತಿದ್ದೆ.

ಅತ್ತಿಗೆ: ಯೂರಿಯಾನಾ? ಗದ್ದೆಗೆ ಹಾಕ್ತಾರಲ್ಲ, ಅದೇನಾ?

ನಾದಿನಿ: ವಸ್ತು ಅದೇ. ಗೊಬ್ಬರದ ಚೀಲದಲ್ಲಿರೋದು ಶುದ್ಧಿ ಮಾಡಿದ್ದಲ್ಲ, ಅದನ್ನ ಮೈಗೆ ಹಚ್ಚಬಾರದು. 1828ರಲ್ಲಿ ಜರ್ಮನಿಯ ವೋಲರ್ ಪ್ರಯೋಗಶಾಲೆಯಲ್ಲಿ ತಯಾರಿಸಿದ ಯೂರಿಯಾ ನಮ್ಮ ಚರ್ಮದಲ್ಲೂ ಸಹಜವಾಗಿ ಇದೆ, ತೇವ ಹಿಡಿದಿಡೋ ವಸ್ತುಗಳಲ್ಲಿ ಅದೂ ಒಂದು. ಮುಲಾಮಿನಲ್ಲಿ ನೂರಕ್ಕೆ 10ರ ಸುತ್ತಮುತ್ತ ಇದ್ದರೆ ತೇವ ಹಿಡಿಯುತ್ತೆ. 20, 25 ಇದ್ದರೆ ದಪ್ಪ ಚರ್ಮವನ್ನ ಮೆತ್ತಗೆ ಮಾಡುತ್ತೆ. 40 ಇದ್ದರೆ ಉಗುರನ್ನೂ ಮೆತ್ತಗೆ ಮಾಡುತ್ತೆ, ಅದು ಡಾಕ್ಟರು ಬರೆದುಕೊಟ್ಟರೆ ಮಾತ್ರ. ಯೂರಿಯಾ 12, ಲ್ಯಾಕ್ಟಿಕ್ ಆಮ್ಲ 6 ಸೇರಿದ ಮುಲಾಮು ನಮ್ಮಲ್ಲಿ ಬಹಳ ಕಾಲದಿಂದ ಸಿಗ್ತಿದೆ. ಈ ಕಾಲುಚೀಲ ಒಂದೇ ಸಲಕ್ಕೆ ಮಾಡೋ ಕೆಲಸವನ್ನ ಅದು ತಿಂಗಳಲ್ಲಿ ಸದ್ದಿಲ್ಲದೆ ಮಾಡುತ್ತೆ.

ಅತ್ತಿಗೆ: ಕೇಳು. ಮುಲಾಮು ನಾನೂ ತಂದಿದ್ದೆ. ನಾಲ್ಕು ದಿನ ಹಚ್ಚಿ ಬಿಟ್ಟೆ. ರಾತ್ರಿ ಪಾತ್ರೆ ತೊಳೆದು, ನಾಳೆಯ ಪಾಠ ನೋಡಿಕೊಂಡು ಮಲಗೋ ಹೊತ್ತಿಗೆ ಕಾಲು ನೆನಪಾಗಲ್ಲ. ಈ ಪ್ಯಾಕೆಟ್ ಬಂದದ್ದಕ್ಕೆ ಇವತ್ತು ಕೂತಿದ್ದೀನಿ. ಕಣ್ಣೆದುರು ಹಳೇ ಚರ್ಮ ಬಿಟ್ಟು ಹೊಸದು ಬಂದರೆ, ಅದನ್ನ ಉಳಿಸಿಕೊಳ್ಳಬೇಕು ಅಂತ ಹಟ ಬರುತ್ತೆ. ಶುರು ಮಾಡೋಕೆ ನನಗೆ ಇಂಥದ್ದೊಂದು ಬೇಕಿತ್ತು.

ನಾದಿನಿ: ಅದು ಒಪ್ಪೋ ಮಾತು. ಶುರುವಿಗೆ ಇದು, ಮುಂದಕ್ಕೆ ಅದು. ಪ್ಯಾಕೆಟ್ಟಿಗೆ ಅಷ್ಟೇ ಜಾಗ ಕೊಡಿ. ಗಂಟೆ ಆಯ್ತು ನೋಡಿ, ಸೋಪಿನ ನೀರಲ್ಲಿ ಲೋಳೆ ಪೂರ್ತಿ ಹೋಗೋವರೆಗೆ ತೊಳೆಯಿರಿ.

(ಕೆಲವು ದಿನದ ಮೇಲೆ ಫೋನಿನಲ್ಲಿ.)

ಅತ್ತಿಗೆ: ಶುರುವಾಯ್ತು ಕಣೆ. ಮೊದಲು ಏನೂ ಇರಲಿಲ್ಲ, ಚರ್ಮ ಬಿಗಿದು ಹೊಳೀತಿತ್ತು ಅಷ್ಟೆ. ಆಮೇಲೆ ಅಂಗಾಲಿನ ನಡುವೆ, ಆ ಕಮಾನಿನ ಹತ್ತಿರ ಬಿಳಿ ಬಿಳಿ ಬಿರಿದು ಎದ್ದಿತು. ಇವತ್ತು ಕಾಲು ನೆನೆಹಾಕಿದಾಗ ಬೆರಳ ಬುಡದಿಂದ ರೂಪಾಯಿ ಅಗಲದ ಒಂದು ಚೂರು ತಾನಾಗೇ ಕೈಗೆ ಬಂತು. ಬೆಳಕಿಗೆ ಹಿಡಿದು ನೋಡಿದೆ. ಆಚೆ ಕಾಣೋಷ್ಟು ತೆಳ್ಳಗಿತ್ತು. ಅಂಗಾಲಿನ ಸಾಲು ಗೆರೆಗಳು ಅದರ ಮೇಲೆ ಒಂದೂ ಬಿಡದೆ ಹಾಗೇ ಇದ್ದವು. ಅದರ ಕೆಳಗಿನ ಹೊಸ ಚರ್ಮದ ಮೇಲೂ ಅದೇ ಗೆರೆಗಳು.

ನಾದಿನಿ: ಆ ಗೆರೆಗಳ ಅಚ್ಚು ಆಳದ ಪದರದಲ್ಲಿರುತ್ತೆ. ಮೇಲಿನದು ಎಷ್ಟು ಸಲ ಹೋದರೂ ಅದೇ ಗೆರೆ ಮರಳಿ ಬರುತ್ತೆ. ಹಿಮ್ಮಡಿ ಹೇಗಿದೆ?

ಅತ್ತಿಗೆ: ಅಲ್ಲಿ ಇನ್ನೂ ಎದ್ದಿಲ್ಲ. ಅಂಚಿನಲ್ಲಿ ಒಂದು ತುಂಡು ಅರ್ಧ ಬಿಟ್ಟುಕೊಂಡು ಸೀರೆಗೆ ಸಿಕ್ಕಿಕೊಳ್ತಿದೆ. ಎಳೆದು ತೆಗೆದುಬಿಡಲಾ?

ನಾದಿನಿ: ಬೇಡವೇ ಬೇಡ. ಬಿಟ್ಟ ಕಡೆ ಸತ್ತ ಚರ್ಮ, ಅಂಟಿಕೊಂಡ ಕಡೆ ಇನ್ನೂ ಹಸಿ. ಎಳೆದರೆ ಹಸಿಯೂ ಹರಿದು ರಕ್ತ ಬರುತ್ತೆ. ಸಣ್ಣ ಕತ್ತರಿಯಿಂದ ಸಡಿಲ ಆಗಿರೋಷ್ಟನ್ನ ಮಾತ್ರ ಕತ್ತರಿಸಿ. ಬ್ಲೇಡು ಮುಟ್ಟಬೇಡಿ. ಉಜ್ಜುಗಲ್ಲೂ ಈಗ ಬೇಡ. ಸಂಜೆ ಉಗುರುಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ಕಾಲಿಡಿ, ಬಟ್ಟೆಯಿಂದ ಮೆಲ್ಲಗೆ ಒರೆಸಿ, ತಾನಾಗಿ ಬಂದದ್ದು ಬರಲಿ. ಹಿಮ್ಮಡಿಯ ಚರ್ಮ ಎಲ್ಲಕ್ಕಿಂತ ದಪ್ಪ, ಅದು ಕೊನೆಗೇ ಬರೋದು.

ಅತ್ತಿಗೆ: ಪಾದದ ಮೇಲ್ಭಾಗದಲ್ಲೂ ಸ್ವಲ್ಪ ಹೊಟ್ಟೆದ್ದಿದೆ. ಶಾಲೆಗೆ ಸಾಕ್ಸ್ ಹಾಕ್ಕೊಂಡು ಹೋಗ್ತಿದ್ದೀನಿ. ಪ್ರಾರ್ಥನೆ ಹೊತ್ತಲ್ಲಿ ಬಿಸಿಲಲ್ಲಿ ನಿಲ್ಲಬೇಕಲ್ಲ.

ನಾದಿನಿ: ಒಳ್ಳೇದೇ ಮಾಡಿದಿರಿ. ಈ ಆಮ್ಲ ಹಚ್ಚಿದ ಚರ್ಮಕ್ಕೆ ಬಿಸಿಲು ಬೇಗ ತಾಗುತ್ತೆ. ಬರಿಗಾಲಲ್ಲಿ ತಾರಸಿಗೆ ಹೋಗಬೇಡಿ, ದೇವಸ್ಥಾನದಲ್ಲಿ ಕಾದ ಕಲ್ಲಿನ ಮೇಲೆ ಪ್ರದಕ್ಷಿಣೆ ಸದ್ಯಕ್ಕೆ ಬೇಡ. ಹೊಸ ಚರ್ಮ ಇನ್ನೂ ಎಳೇದು. ಸಿಪ್ಪೆ ಏಳೋದು ಪೂರ್ತಿ ನಿಲ್ಲೋವರೆಗೆ ಯೂರಿಯಾ, ಆಮ್ಲ ಇರೋ ಮುಲಾಮೂ ಬೇಡ, ಉರಿಯುತ್ತೆ. ಕೊಬ್ಬರಿ ಎಣ್ಣೆ ಇಲ್ಲ ಪೆಟ್ರೋಲಿಯಂ ಜೆಲ್ಲಿ ಸಾಕು. ಎಲ್ಲಾದರೂ ಕೆಂಪಗಾಗಿ ಬಾತರೆ, ನೀರು ಸೋರಿದರೆ, ನೋವು ಏರುತ್ತಾ ಹೋದರೆ ನನಗೆ ಫೋನ್ ಮಾಡ್ತಾ ಕೂರಬೇಡಿ. ಅಲ್ಲೇ ಡಾಕ್ಟರ ಹತ್ತಿರ ಹೋಗಿ.

(ಶಿವರಾತ್ರಿಯ ಹಿಂದಿನ ದಿನ. ಮತ್ತೆ ಮಂಡ್ಯದ ಮನೆಯಲ್ಲಿ.)

ನಾದಿನಿ: ತೋರಿಸಿ. ಅಂಗಾಲು ಚೆನ್ನಾಗಿದೆ. ಹಿಮ್ಮಡಿಯ ಹಳದಿ ಅಂಚು ಮುಕ್ಕಾಲು ಪಾಲು ಹೋಗಿದೆ. ಸೀಳಿನ ಗೆರೆ ಎರಡು ಕಡೆ ಇನ್ನೂ ಇದೆ.

ಅತ್ತಿಗೆ: ಇನ್ನೊಂದು ಪ್ಯಾಕೆಟ್ ಹಾಕಿದರೆ ಅದೂ ಹೋಗುತ್ತೇನೋ ಅಂತ ಮಗಳು ಕೇಳಿದಳು. ಬೇಡ ಅಂದೆ. ಚಪ್ಪಲಿಯೂ ಅದೇ, ನೆಲವೂ ಅದೇ, ನಿಲ್ಲೋದೂ ಅಷ್ಟೇ ಇದ್ದಮೇಲೆ ಎಷ್ಟು ಸಲ ಸಿಪ್ಪೆ ತೆಗೆದರೂ ಮತ್ತೆ ದಪ್ಪಗಾಗುತ್ತೆ. ನಿನ್ನ ಅಣ್ಣನಿಗೆ ಹೇಳಿ ಹಿಂಬದಿ ಪಟ್ಟಿ ಇರೋ, ಅಡಿ ಮೆತ್ತಗಿರೋ ಚಪ್ಪಲಿ ತರಿಸಿಕೊಂಡೆ. ಕಾಲಿಗೆ ಸೋಪು ಬಿಟ್ಟೆ. ರಾತ್ರಿ ಅಡುಗೆಮನೆ ಕೆಲಸ ಮುಗಿಯೋ ಹೊತ್ತಿಗೆ ಒಂದು ಬೇಸಿನ್ ನೀರು ಕಾಯಿಸಿಟ್ಟುಕೊಳ್ತೀನಿ. ಕಾಲು ನೀರಲ್ಲಿರುತ್ತೆ, ಕೈಯಲ್ಲಿ ಮಕ್ಕಳ ನೋಟ್‌ಬುಕ್ಕು ಇರುತ್ತೆ. ಒರೆಸಿ, ತೇವ ಇರೋವಾಗಲೇ ಮುಲಾಮು, ಮೇಲೆ ಸಾಕ್ಸ್.

ನಾದಿನಿ: ಬೆರಳ ಸಂದಿ?

ಅತ್ತಿಗೆ: ಅಲ್ಲಿ ಮುಲಾಮು ಹಚ್ಚಲ್ಲ. ಒಣಗೋ ಹಾಗೆ ಒರೆಸ್ತೀನಿ. ನೀನು ಹೇಳಿದ್ದು ನೆನಪಿದೆ, ತೇವ ನಿಂತರೆ ಫಂಗಸ್ ಬರುತ್ತೆ ಅಂತ. ಉಜ್ಜುಗಲ್ಲನ್ನೂ ವಾರಕ್ಕೊಮ್ಮೆ, ನೆಂದ ಚರ್ಮದ ಮೇಲೆ, ಒಂದೇ ದಿಕ್ಕಿಗೆ ಮೆಲ್ಲಗೆ. ಕಾಲು ಉರಿಯೋವರೆಗೆ ಉಜ್ಜಿದಷ್ಟೂ ಚರ್ಮ ಇನ್ನೂ ದಪ್ಪಗಾಗಿ ಬೆಳೆಯುತ್ತೆ ಅನ್ನೋದು ಈಗ ಅರ್ಥ ಆಗಿದೆ. ಈಗ ಅತ್ತೆ ವಿಷಯ ಹೇಳು. ಅವರ ಪ್ಯಾಕೆಟ್ ಬೀರುವಿನಲ್ಲಿದೆ. ನನ್ನ ಕಾಲು ನೋಡಿ ಅವರಿಗೂ ಆಸೆಯಾಗಿದೆ.

ನಾದಿನಿ: ಅಮ್ಮನಿಗೆ ಸಕ್ಕರೆ ಕಾಯಿಲೆ ಎಷ್ಟು ವರ್ಷದ್ದು ಅಂತ ನಿಮಗೇ ಗೊತ್ತು. ಕಾಲು ಜೋಮು ಹಿಡಿದ ಹಾಗಿರುತ್ತೆ ಅಂತ ಹೋದ ಸಲವೇ ಹೇಳಿದ್ದಳು. ಬೆಳಿಗ್ಗೆ ಅವಳನ್ನ ಕೂರಿಸಿಕೊಂಡು ಆ ಆರು ಬೆರಳಿನ ಪರೀಕ್ಷೆ ಮಾಡಿದೆ. ಎರಡೂ ಕಿರುಬೆರಳು ಮುಟ್ಟಿದ್ದು ಗೊತ್ತಾಗಲಿಲ್ಲ. ಎಡಗಾಲಿನ ನಡುಬೆರಳೂ ಗೊತ್ತಾಗಲಿಲ್ಲ. ನಾನು ಬೆರಳಿಟ್ಟುಕೊಂಡೇ ಕೂತಿದ್ದೆ. ಅವಳು ಕಣ್ಣು ಮುಚ್ಚಿಕೊಂಡು, ಮುಂದಿನದು ಮುಟ್ಟು ಅಂದಳು.

ಅತ್ತಿಗೆ: ಅಯ್ಯೋ ದೇವರೇ. ದಿನಾ ಮನೆಯಲ್ಲೇ ಇರ್ತಾರೆ, ನನಗೆ ಗೊತ್ತೇ ಆಗಲಿಲ್ಲವಲ್ಲ.

ನಾದಿನಿ: ಅವಳಿಗೇ ಗೊತ್ತಿರಲಿಲ್ಲ ಅತ್ತಿಗೆ. ನೋವಿದ್ದರೆ ಹೇಳ್ತಿದ್ದಳು. ನೋವು ಗೊತ್ತಾಗದೆ ಇರೋದೇ ಕಾಯಿಲೆ. ಈ ಲೋಳೆ ಅವಳ ಕಾಲನ್ನ ಸುಟ್ಟರೂ ತಣ್ಣಗಿದೆ ಅಂತಲೇ ಅನ್ನಬಹುದು. ಆ ಗಾಯ ಮಾಯೋದು ನಿಧಾನ, ಕೀವು ಕಟ್ಟೋದು ಬೇಗ. ಆಣಿಗೆ ಅಂಟಿಸೋ ಕಾರ್ನ್ ಕ್ಯಾಪ್ ಪಟ್ಟಿಯೂ ಅವಳಿಗೆ ಬೇಡ, ಅದರಲ್ಲೂ ಸ್ಯಾಲಿಸಿಲಿಕ್ ಆಮ್ಲವೇ ಇರೋದು. ದೇಶದಲ್ಲಿ 10 ಕೋಟಿಗೂ ಹೆಚ್ಚು ಜನಕ್ಕೆ ಸಕ್ಕರೆ ಕಾಯಿಲೆ ಇದೆ ಅಂತ ಐಸಿಎಂಆರ್ ನಡೆಸಿದ ಅಧ್ಯಯನ 2023ರಲ್ಲಿ ಹೇಳಿತು. ಅಮ್ಮನ ಹಾಗೆ ಕಾಲು ಮರಗಟ್ಟಿದ್ದೂ ಗೊತ್ತಿಲ್ಲದೋರು ಅದರಲ್ಲಿ ಎಷ್ಟೋ ಜನ. ಅವರ ಮಕ್ಕಳು ಪ್ರೀತಿಯಿಂದಲೇ ಇಂಥ ಪ್ಯಾಕೆಟ್ ಕಳಿಸ್ತಾರೆ. ಅದಕ್ಕೇ ನನಗೆ ಭಯ.

ಅತ್ತಿಗೆ: ಹಾಗಾದರೆ ಅತ್ತೆ ಕಾಲಿಗೆ ಏನು ಮಾಡೋಣ? ಏನೂ ಮಾಡದೆ ಬಿಡೋಕಾಗಲ್ಲ. ಅವರ ಹಿಮ್ಮಡಿಯೂ ಒಡೆದಿದೆ.

ನಾದಿನಿ: ಮಾಡೋದು ಬಹಳ ಇದೆ. ಅವಳ ಕಾಲನ್ನ ದಿನಾ ಯಾರಾದರೂ ನೋಡಬೇಕು, ಅಂಗಾಲು, ಬೆರಳ ಸಂದಿ, ಹಿಮ್ಮಡಿ. ಅವಳೇ ನೋಡಿಕೊಳ್ಳೋದಾದರೆ ಕನ್ನಡಿ ನೆಲದ ಮೇಲಿಟ್ಟುಕೊಂಡು ನೋಡಲಿ. ನಿಮ್ಮ ಹಾಗೆ ನೀರಲ್ಲಿ ನೆನೆಸಿ ಕೂರಿಸೋದು ಬೇಡ. ತೊಳೆದು ಒರೆಸಿದರೆ ಸಾಕು. ನೀರಿನ ಬಿಸಿಯನ್ನ ಅವಳು ಕಾಲಿಟ್ಟು ನೋಡಬಾರದು, ನೀವು ಮೊಣಕೈ ಅದ್ದಿ ನೋಡಿ. ಒರೆಸಿದ ಮೇಲೆ ಹಿಮ್ಮಡಿಗೆ ಮಾತ್ರ ಮುಲಾಮು. ಯಾವುದು, ಎಷ್ಟು ಅಂತ ಡಾಕ್ಟರೇ ಬರೆದುಕೊಡಲಿ. ಮನೆಯೊಳಗೂ ಚಪ್ಪಲಿ ಹಾಕಲಿ. ಎಂಸಿಆರ್ ಚಪ್ಪಲಿ ಅಂತ ಸಿಗುತ್ತೆ, ಮೆತ್ತನೆ ರಬ್ಬರಿನ ಹಾಸು ಇರೋದು. ವೆಲ್ಲೂರಿನ ಹತ್ತಿರದ ಕರಿಗಿರಿಯಲ್ಲಿ ಕುಷ್ಠರೋಗದಿಂದ ಸ್ಪರ್ಶ ಕಳೆದುಕೊಂಡ ಕಾಲುಗಳಿಗೆ ಅಂತ ಮಾಡ್ತಾ ಬಂದಿದ್ದಾರೆ. ಈಗ ಸಕ್ಕರೆ ಕಾಯಿಲೆಯವರಿಗೂ ಅದನ್ನೇ ಕೊಡ್ತಾರೆ.

ಅತ್ತಿಗೆ: ಮನೆಯೊಳಗೆ ಚಪ್ಪಲಿ ಅಂದರೆ ಅವರು ಒಪ್ಪಲ್ಲ. ದೇವರಮನೆ ಇದೆ, ಅಡುಗೆಮನೆ ಇದೆ.

ನಾದಿನಿ: ಒಳಗೆ ಹಾಕೋಕೆ ಅಂತಲೇ ಒಂದು ಹೊಸ ಜೊತೆ ಇಡಿ. ಹೊರಗಿನ ಧೂಳು ಮುಟ್ಟಿರಲ್ಲ. ದೇವರಮನೆ ಹೊಸ್ತಿಲಲ್ಲಿ ಬಿಟ್ಟು ಹೋಗಲಿ, ಒಳಗೆ ನೀವು ಮಣೆ ಹಾಕಿ ಕೂರಿಸಿ. ನೀವು ಹೇಳಿದರೆ ಕೇಳ್ತಾಳೆ. ನನ್ನ ಮಾತು ನಡೆಯಲ್ಲ.

ಅತ್ತಿಗೆ: ಹೇಳ್ತೀನಿ. ರಾತ್ರಿ ನನ್ನ ಕಾಲು ನೋಡಿಕೊಳ್ಳೋ ಹೊತ್ತಿಗೇ ಅವರನ್ನೂ ಪಕ್ಕಕ್ಕೆ ಕೂರಿಸಿಕೊಳ್ತೀನಿ, ದೀಪದ ಹತ್ತಿರ. ಹಚ್ಚಿಕೊಳ್ಳಿ ಅಂತ ಹೇಳಿದರೆ ಅವರು ಬೇಡ ಅಂತಾರೆ, ನಾನೇ ಹಚ್ಚಿದರೆ ಸುಮ್ಮನಿರ್ತಾರೆ. ಆ ಇನ್ನೊಂದು ಪ್ಯಾಕೆಟ್ಟನ್ನ ಮಗಳಿಗೇ ವಾಪಸ್ ಕಳಿಸ್ತೀನಿ. ಜೊತೆಗೆ ಈ ಬೆರಳು ಮುಟ್ಟೋ ಪರೀಕ್ಷೆ ಹೇಗೆ ಮಾಡೋದು ಅಂತಲೂ ಬರೆದಿಡ್ತೀನಿ. ಅವಳ ಸ್ನೇಹಿತೆಯರ ಮನೆಗಳಲ್ಲೂ ವಯಸ್ಸಾದೋರಿರ್ತಾರಲ್ಲ.

ನಾದಿನಿ: ಬರೆಯಿರಿ. ಹಬ್ಬ ಕಳೆದ ಮಾರನೇ ದಿನ ನಾನು ಮೈಸೂರಿಗೆ ಹೊರಡುವಾಗ ಅಮ್ಮನನ್ನೂ ಜೊತೆಗೆ ಕರ್ಕೊಂಡು ಹೋಗ್ತೀನಿ. ಕಾಲಿನ ನರ, ರಕ್ತ ಓಡಾಟ ಎರಡನ್ನೂ ಪರೀಕ್ಷೆ ಮಾಡಿಸಬೇಕು. ಸಕ್ಕರೆ ಇರೋರಿಗೆ ಏನೂ ತೊಂದರೆ ಇಲ್ಲದಿದ್ದರೂ ವರ್ಷಕ್ಕೊಮ್ಮೆ ಆ ಪರೀಕ್ಷೆ ಆಗಲೇಬೇಕು. ಅವಳು ದಿನಾ ಹಾಕೋ ಚಪ್ಪಲಿಯನ್ನೂ ಚೀಲದಲ್ಲಿ ಹಾಕಿಡಿ. ಎಲ್ಲಿ ಹೆಚ್ಚು ಸವೆದಿದೆ ಅಂತ ನೋಡಿಯೇ ಹೊಸದಕ್ಕೆ ಅಳತೆ ಕೊಡ್ತಾರೆ.

ಅತ್ತಿಗೆ: ಇಡ್ತೀನಿ. ನಾನೂ ರಜೆ ಹಾಕಿ ಜೊತೆಗೆ ಬರ್ತೀನಿ. ಡಾಕ್ಟರು ಹೇಳಿದ್ದನ್ನ ದಿನಾ ಮನೆಯಲ್ಲಿ ಮಾಡಬೇಕಾದೋಳು ನಾನು, ಎದುರಿಗಿದ್ದು ಕೇಳಿಸಿಕೊಳ್ತೀನಿ.